ಮೊಣಕಾಲ ಮ್ಯಾಲಿನ ಪೇಣಿ

ನಮ್ಮ ಹೆಡ್ ಮಾಸ್ತರ್ರು ತೀರಿಕೊಂಡು ಹದಿನೈದು ದಿನ ಆತು. ಬರೂ ಐತವಾರ ಮೂಡಲಗ್ಯಾಗ ಅವರ ಹಳೇ ವಿದ್ಯಾರ್ಥಿಗಳು ಕೂಡಿ ಸಭಾ ಮಾಡಾಕತ್ತಾರ, ಒಂದು ಸಣ್ಣ ಪುಸ್ತಕಾನೂ ಛಾಪಸ್ತಾರಂತ. ನಿನ್ನೆ ಇಬ್ಬರು ಬಂದು ನಮ್ಮ ಮನಿ ಕಟ್ಟಿ ಮ್ಯಾಲ ಕುಂತು, 'ಸರ, ನೀವು ಬರೀಲೇಬೇಕ್ರಿ. ನಿಮ್ಮಷ್ಟು ಅವರ ಉಪಕಾರ ಉಂಡವರು ಯಾರದಾರ್ರಿ? ಹುಚ್ಚ ಹಿಡದಾಂವನ್ನ ಮನ್ಯಾಗ ಇಟ್ಕೊಂಡು, ಕೈಯಾರೆ ಔಷಧ ಕೊಟ್ಟು, ಮತ್ತ ಸಾಲ್ಯಾಗ ನಿಲ್ಲಿಸಿದ್ರು' ಅಂದ್ರು. ಹುಚ್ಚ ಅನ್ನೂ ಮಾತು ಜಾರಿದ ಮ್ಯಾಲ ಒಬ್ಬಾಂವ ನಾಲಿಗಿ ಕಚ್ಚಿಕೊಂಡ. ಇರ್ಲಿ ಬಿಡ್ರಪಾ, ಊರೆಲ್ಲಾ ಅಂದದ್ದನ್ನ ನೀವೂ ಅಂದ್ರಿ ಅಂತ ಚಾ ಕುಡಿಸಿ ಕಳಿಸಿದೆ.

ಬರದೇನಿ. ಹಾಕೂದಿದ್ರ ಪೂರಾ ಹಾಕ್ರಿ. ಉಪಕಾರದ್ದಷ್ಟ ಕತ್ತರಿಸಿ ಹಾಕ್ತೀವಿ ಅಂದ್ರ, ಈ ಹಾಳಿ ಒಯ್ದು ಒಲಿಗೆ ಹಾಕ್ರಿ, ಒಂದು ರೊಟ್ಟಿ ಅರ ಬೇಯತೈತಿ.

ಮೊದಲ ಹೇಳಿಬಿಡತೇನಿ: ನನಗ ಆ ಮನಷ್ಯಾನ ಮ್ಯಾಲ ಸಿಟ್ಟೈತಿ. ಸತ್ತ ಮ್ಯಾಲ ಸಿಟ್ಟು ಇಳೀತೈತಿ ಅಂತ ಮಂದಿ ಅಂತಾರ. ಹದಿನೈದು ದಿನ ಕಾದು ನೋಡೇನಿ, ಇಳದಿಲ್ಲ. ಅವರು ಇವರು ಅಂತ ಮರ್ಯಾದಿ ಕೊಟ್ಟು ಬರಿಯಾಕತ್ತೇನಲ್ಲ, ಅದು ಹದಿಮೂರು ವರ್ಷ ಅವರ ಕೈಕೆಳಗ ದುಡದ ರೂಢಿ ಅಷ್ಟ. ಪ್ರೀತಿ ಅಂತ ಯಾರೂ ತಿಳ್ಕೊಬ್ಯಾಡ್ರಿ.

ನಾ ಆ ಸಾಲಿಗೆ ಹೋದದ್ದು ಸ್ವಾತಂತ್ರ್ಯ ಬಂದ ವರ್ಷ. ಮಸಗುಪ್ಪಿ ದಾಟಿ ಮುಂದಿನ ಒಂದು ಹಳ್ಳಿ. ಹೆಸರು ಬ್ಯಾಡ, ಈಗಿನ ಮಾಸ್ತರ್ರು ಪಾಪ ಛಲೋ ಅದಾರ. ಮೂಡಲಗಿಯಿಂದ ಚಕ್ಕಡಿ ಹಾದಿ ಹಿಡದು, ತಲಿಮ್ಯಾಲ ಟ್ರಂಕು ಹೊತ್ಕೊಂಡು ಹೋಗಿದ್ದೆ. ಹೆಡ್ ಮಾಸ್ತರ್ರು ಬಾಗಲದಾಗ ನಿಂತಿದ್ರು. ಎತ್ತರದ ತೆಳ್ಳನ್ನ ಆಳು, ಇಸ್ತ್ರಿ ಮುರೀಲಾರದ ಧೋತರ, ಕರೀ ಕೋಟು, ಕರೀ ಟೊಪಿಗಿ. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. 'ಕುಂಡ್ರು' ಅಂದ್ರು. ಕುಂತೆ. ಐದು ಮಿನಿಟು ನನ್ನ ಕಾಲು ಕೈ ನೋಡಿ, 'ಹೂಂ. ಕುಂಡ್ರಾಕ ಬರತೈತಿ. ನಾಳಿಂದ ಒಂದನೇ ಇಯತ್ತಾ ತಗೋ' ಅಂದ್ರು. ಓದಾಕ ಬರತೈತೋ ಇಲ್ಲೋ ಅಂತ ಕೇಳಿದ್ದು ಮರುದಿನ.

ಅವರ ದೃಷ್ಟಿಯಾಗ ವಿದ್ಯಾ ಅಂದ್ರ ಮೊದಲ ಕುಂಡ್ರೂದು. ಹೊಸಾ ಹುಡುಗೂರು ಸಾಲಿಗೆ ಬಂದ್ರ ಎಂಟು ದಿನ ಪಾಟಿ ಮುಟ್ಟಸ್ತಿದ್ದಿಲ್ಲ. ತಟ್ಟಿನ ಮ್ಯಾಲ ಚಕ್ಕಳಬಕ್ಕಳ ಹಾಕಿ ಕುಂಡ್ರಿಸಿ, ಒಂದೊಂದು ಹುಡುಗನ ಎರಡೂ ಮೊಣಕಾಲ ಮ್ಯಾಲ ಒಂದೊಂದು ಪೇಣಿ ಇಡತಿದ್ರು. ಪಾಟಿ ಮ್ಯಾಲ ಬರಿಯೂ ಪೇಣಿ, ಬೊಟ್ಟಿನಷ್ಟುದ್ದ. ಪೇಣಿ ಉಳ್ಳಿ ಬಿತ್ತು ಅಂದ್ರ ಆ ದಿನದ ಕುಂಡ್ರೂದು ಹೊಳ್ಳಿ ಸುರು. 'ಮೊದಲ ಕುಂಡ್ರೂದು ಕಲೀರಿ. ಅಕ್ಷರ ಎಲ್ಲಿ ಓಡಿ ಹೋಗ್ತಾವು?' ಅನ್ನತಿದ್ರು. ಆರು ವರ್ಷದ ಕೂಸುಗಳು ಉಸಿರು ಬಿಗಿಹಿಡದು ತಮ್ಮ ಮೊಣಕಾಲು ತಾವ ನೋಡಕೋಂತ ಕುಂಡ್ರತಿದ್ವು.

ಧ್ವಜ ಏರಿಸಿದ ದಿನ ಯಾರೋ ಮುಖಂಡರು ಬರ್ತೀನಂತ ಹೇಳಿ ಎರಡು ತಾಸು ತಡಾ ಮಾಡಿದ್ರು. ಬಿಸಲಾಗ ಕುಂತು ಕುಂತು ಒಂದು ಹುಡುಗಿ ಧಪ್ ಅಂತ ಬಿತ್ತು. ಮುಖಂಡರು ಗಾಬರಿ ಆದ್ರ, ನಮ್ಮ ಹೆಡ್ ಮಾಸ್ತರ್ರು ಮೀಸಿ ತೀಡಿ, 'ನೋಡ್ರಿ ಸಾಹೇಬ್ರ, ನಮ್ಮ ಸಾಲಿ ಮಕ್ಕಳು ಬೀಳತಾವ ಖರೆ, ಮಿಸುಕಂಗಿಲ್ಲ' ಅಂದ್ರು. ನಾ ಹುಡುಗಿಗೆ ನೀರು ಕುಡಸಾಕತ್ತಿದ್ದೆ. ಆಗ ನಾನೂ ನಕ್ಕಿದ್ದೆ, ಸುಳ್ಳ ಯಾಕ ಹೇಳಲಿ.

ಹೊಡೀತಿದ್ದಿಲ್ಲ. ಇದನ್ನೂ ಬರೀಬೇಕು. ಹೊಡದಿದ್ರ ಛಲೋ ಇತ್ತು, ಹೊಡದಾಂವನ ಮ್ಯಾಲ ಸಿಟ್ಟು ಮಾಡೂದು ಸರಳ. ಸಾಲಿಯ ಮೂಲ್ಯಾಗ ಊರ ಅಂಚೆ ಕಚೇರಿನೂ ಇತ್ತು, ಅವರ ಪೋಸ್ಟ್ ಮಾಸ್ತರ್ರು. ಪಲ್ಟಣದಾಗಿದ್ದ ಮಕ್ಕಳ ಕಾಗದ ತಗೊಂಡು ಮುದುಕೇರು ಬಂದ್ರ ಓದಿ ಹೇಳತಿದ್ರು, ಉತ್ತರ ಬರಕೊಡತಿದ್ರು, ಒಬ್ಬರ ಮನಿ ಗುಟ್ಟು ಇನ್ನೊಬ್ಬರಿಗೆ ಬಿಡತಿದ್ದಿಲ್ಲ. ಅಕ್ಷರ ಅಂದ್ರ ಪೋಣಿಸಿದ ಮುತ್ತು. ಮುಂಜಾನೆ ಪೂಜಿಗೆ ಕುಂತ್ರ ಒಂದು ತಾಸು ಅವರ ಮೈಮ್ಯಾಲ ನೊಣ ಕುಂತ್ರೂ ಅಲಗತಿದ್ದಿಲ್ಲ. ಇಂಥಾ ಮನಷ್ಯಾ ತಪ್ಪು ಮಾಡತಾನ ಅಂತ ಊರಾಗ ಯಾರಿಗೂ ಅನಸತಿದ್ದಿಲ್ಲ, ಎಲ್ಲಾರಕಿಂತ ಕಡಿಮಿ ಅವರಿಗೆ ಅನಸತಿತ್ತು.

ಹನ್ನೆರಡು ವರ್ಷದ ಮ್ಯಾಲ ನನಗ ಜಡ್ಡ ಬಂತು. ಅಷ್ಟರಾಗ ಮುಂಬಯಿ ಸರಕಾರ ಹೋಗಿ ನಾವು ಮೈಸೂರ ರಾಜ್ಯಕ್ಕ ಬಂದಿದ್ವಿ. ಮೂರು ವಾರ ಕಣ್ಣಿಗೆ ನಿದ್ದಿ ಹತ್ತಲಿಲ್ಲ. ಆಮ್ಯಾಲ ಗ್ವಾಡಿ ಆಚೆ ಕಡೆ ಯಾರೋ ನಿಂತು ಹಾಜರಿ ಕರಿಯಾಕ ಹತ್ತಿದ್ರು. ನನ್ನ ಹೆಸರೊಂದ ಕರೀತಿದ್ರು, ಹೊಳ್ಳಿ ಹೊಳ್ಳಿ. ನಾ ಪಾಠ ಬಿಟ್ಟು 'ಹಾಜರ, ಹಾಜರ' ಅಂತ ಎದ್ದು ನಿಲ್ಲತಿದ್ದೆ. ಹುಡುಗೂರು ಮೊದಲ ನಕ್ವು, ಆಮ್ಯಾಲ ಅಳಾಕ ಹತ್ತಿದ್ವು. ಕೊಣ್ಣೂರಿಂದ ನಮ್ಮಣ್ಣ ಬಂದು ನನ್ನನ್ನ ದೂರದ ದೊಡ್ಡ ಊರಿನ ದವಾಖಾನಿಗೆ ಒಯ್ದು ಎರಡು ತಿಂಗಳು ಇಟ್ಟ.

ಸಂಕ್ರಮಣದ ಹೊತ್ತಿಗೆ ತಿರುಗಿ ಬಂದಾಗ ನನ್ನ ನೌಕರಿ ಒಂದು ಎಳಿ ನೂಲಿಗೆ ಜೋತು ಬಿದ್ದಿತ್ತು. ದಸರಾ ಕಳದ ಮ್ಯಾಲ ಶಿಕ್ಷಣ ಖಾತೆಯ ಸಾಹೇಬರು ತಪಾಸಣಿಗೆ ಬಂದು ನನ್ನ ವರ್ಗದಾಗ ಅರ್ಧಾ ತಾಸು ಕುಂತು, ಇಂವ ಮಾಸ್ತರಕಿ ಮಾಡಾಕ ಲಾಯಖ್ ಅದಾನೋ ಇಲ್ಲೋ ಬರಿಯೂದಿತ್ತು. ಲಾಯಖ್ ಇಲ್ಲ ಅಂದ್ರ ನೌಕರಿ ಹೋತು. ಪಗಾರ ಹೋದ್ರ ಹೋಗವಲ್ದ್ಯಾಕ, ಊರ ಬಾಯಾಗ ಹುಚ್ಚಮಾಸ್ತರ ಅನ್ನೂ ಹೆಸರೊಂದ ಉಳೀತಿತ್ತು, ಸಾಯೂತನಕ.

ಆಗ ಹೆಡ್ ಮಾಸ್ತರ್ರು ತಾವಾಗಿ ಮುಂದ ಬಂದು, 'ಇಂವ ನಮ್ಮ ಮನ್ಯಾಗ ಇರ್ಲಿ. ಗುಳಿಗಿ ನಾ ಕೊಡತೇನಿ, ಸಾಹೇಬರ ಮುಂದ ನಾ ಇವನ್ನ ಕುಂಡ್ರಸತೇನಿ' ಅಂದ್ರು. ಇದ ನೋಡ್ರಿ ಆ ದೊಡ್ಡ ಉಪಕಾರ. ಅವರ ಮನಿ ಪಡಸಾಲಿಯಾಗ ಹಾಸಿಗಿ ಹಾಕಿ ಕೊಟ್ರು. ಅವರ ಹೆಂಡತಿಗೆ ನಾವೆಲ್ಲಾ ಅಕ್ಕಾರು ಅನ್ನತಿದ್ವಿ. ಅಕ್ಕಾರು ತಮ್ಮ ಮಗಗ ಹಾಕಿದ್ಹಂಗ ನನಗೂ ತಾಟು ಹಾಕಿದ್ರು.

ದವಾಖಾನಿಯಿಂದ ಗುಳಿಗಿ ಟಪಾಲದಾಗ ಬರತಿದ್ವು. ಟಪಾಲು ಒಡಿಯಾವರು ಅವರ. ಕಿತ್ತಳಿ ಬಣ್ಣದ ದುಂಡನ್ನ ಗುಳಿಗಿ. ಮುಂಜಾನೆ ಸಾಲಿ ಗಂಟಿಗೆ ಒಂದು, ಮಧ್ಯಾಹ್ನ ಒಂದು, ಸಂಜಿ ಗಂಟಿಗೆ ಒಂದು. ನುಂಗಿದ ಮ್ಯಾಲ 'ಆ ಅನ್ನು' ಅಂತ ಬಾಯಿ ತೆರಸಿ ನೋಡತಿದ್ರು.

ಖರೆ ಹೇಳತೇನಿ, ಗುಳಿಗಿ ಆ ಹಾಜರಿ ಕರಿಯೂದನ್ನ ನಿಲ್ಲಿಸ್ತು. ಗ್ವಾಡಿ ಆಚೆ ಸುಮ್ಮನ ಆತು. ನಾ ದೇವರಿಗೆ ಕೈ ಮುಗದೆ. ಆಮ್ಯಾಲ ಎರಡನೇ ವಾರ ಕಾಲು ಸುರು ಆದ್ವು.

ಇದನ್ನ ಹೆಂಗ ಹೇಳಲಿ? ಕಾಲು ನೋಯ್ತಿದ್ದಿಲ್ಲ. ನೋವಾಗಿದ್ರ ತಡೀತಿದ್ದೆ. ಎಲುವಿನ ಒಳಗ ಯಾರೋ ಕುಂತು 'ಏಳು, ಏಳು' ಅಂದ್ಹಂಗ. ಎದ್ರ 'ನಡಿ' ಅಂದ್ಹಂಗ. ನಡದ್ರ ಒಂದು ಕ್ಷಣ ತಣ್ಣಗ, ಮತ್ತ 'ಕುಂಡ್ರು', ಕುಂತ್ರ ಮತ್ತ 'ಏಳು'. ಮನಿಯಿಂದ ಸಾಲಿಗೆ, ಸಾಲಿಯಿಂದ ಭಾವಿಗೆ, ಭಾವಿಯಿಂದ ಮನಿಗೆ. ತಾಟಿನ ಮುಂದ ಕುಂತು ಒಂದು ತುತ್ತು ಬಾಯಾಗ ಹಾಕ್ಕೊಂಡು ಎದ್ದು ಅಂಗಳ ಸುತ್ತಿ ಬಂದು ಎರಡನೇ ತುತ್ತು. ಮೈಯೊಳಗಿಂದ ಹೊರಗ ಬಂದು ಎಲ್ಯರ ಓಡಿ ಹೋಗಬೇಕು ಅನಸತಿತ್ತು, ಆದ್ರ ಮೈ ಬಿಟ್ಟು ಎಲ್ಲಿಗೆ ಹೋಗತೀರಿ? ಒಂದು ದಿನ ಭಾವಿ ದಂಡಿಗೆ ನಿಂತು ಒಳಗ ನೋಡಿದ್ದೂ ಐತಿ. ನಿಂತು ವಿಚಾರ ಮಾಡಾಕ ಆಗಲಿಲ್ಲ, ಕಾಲು ತಾವ ಮುಂದ ನಡದ್ವು. ಅದಕ್ಕ ಉಳದೇನಿ.

ದವಾಖಾನಿ ಡಾಕ್ಟರ್ರು ಹೆಡ್ ಮಾಸ್ತರ್ರಿಗೆ ಒಂದು ಕಾಗದ ಬರದಿದ್ರು. ರೋಗಿ ಚಡಪಡಿಸಿದ್ರ ದಿನಕ್ಕ ಒಂದು ಗುಳಿಗಿ ಹೆಚ್ಚ ಕೊಡ್ರಿ ಅಂತ. ಆ ಕಾಗದ ಅವರಿಗೆ ಮಂತ್ರ ಆತು. ನಾ ಅಡ್ಡಾಡಿದೆ, ಒಂದು ಗುಳಿಗಿ ಏರಿಸಿದ್ರು. ಗುಳಿಗಿ ಏರ್ತು, ನಾ ಇನ್ನೂ ಅಡ್ಡಾಡಿದೆ. ಮತ್ತೊಂದು ಏರಿಸಿದ್ರು. ಗಿರಣಿ ಕಲ್ಲಿನ ನಡುವ ಕಾಳು ಸಿಕ್ಕಂಗ ಸಿಕ್ಕೊಂಡೆ. ದಿನಕ್ಕ ಮೂರಿದ್ದದ್ದು ಆರು ಆತು.

'ಸರ, ಇದು ಗುಳಿಗಿಂದನ ಆಗಾಕತ್ತೈತಿ ಅನಸತೈತ್ರಿ. ನಾಕು ದಿನ ಬಿಟ್ಟು ನೋಡ್ರಿ' ಅಂತ ಕೈಮುಗದು ಕೇಳಿದೆ. ಮೂರು ಸಲ ಕೇಳಿದೆ.

'ಹುಚ್ಚಿದ್ದವರೆಲ್ಲಾ ಗುಳಿಗಿ ಬ್ಯಾಡ ಅಂತಾರ ತಮ್ಮಾ. ಅದ ಹುಚ್ಚಿನ ಲಕ್ಷಣ' ಅಂದ್ರು. ಸಮಾಧಾನದಿಂದ ಅಂದ್ರು. ಎಂದೂ ದನಿ ಏರಿಸಲಿಲ್ಲ. ಇದಕ್ಕ ಏನ ಉತ್ತರ ಕೊಡತೀರಿ? ಬೇಕು ಅಂದ್ರ ಕೊಡತಾರ, ಬ್ಯಾಡ ಅಂದ್ರ ಇನ್ನೊಂದು ಕೊಡತಾರ.

ನನ್ನ ವರ್ಗದಾಗ ನಾ ನಡಕೋಂತನ ಪಾಠ ಮಾಡಾಕ ಹತ್ತಿದ್ದೆ. ಮಗ್ಗಿ ಹೇಳಕೋಂತ ಬಾಗಲದಿಂದ ಕಿಟಕಿಗೆ, ಕಿಟಕಿಯಿಂದ ಬಾಗಲಿಗೆ. ಒಂದು ಹೆಜ್ಜಿಗೆ ಮಗ್ಗಿಯ ಒಂದು ಸಾಲು. ಹುಡುಗೂರು ಅದೇನೋ ಆಟ ಅಂತ ತಿಳದು ಖುಷಿಲೆ ಒದರತಿದ್ವು. ಆ ವರ್ಷ ನನ್ನ ವರ್ಗದಷ್ಟು ಮಗ್ಗಿ ಯಾರಿಗೂ ಬರತಿದ್ದಿಲ್ಲ. ಆದ್ರ ಸಾಲಿ ನೆಲ ಮಣ್ಣಿಂದು. ಶನಿವಾರ ಹುಡುಗೂರು ಸಗಣಿ ಹಾಕಿ ಸಾರಿಸಿದ್ರ ಮಂಗಳವಾರಕ್ಕ ನನ್ನ ಹೆಜ್ಜಿ ದಾರಿ ಮತ್ತ ಎದ್ದು ಕಾಣತಿತ್ತು. ಹೆಡ್ ಮಾಸ್ತರ್ರು ಆ ದಾರಿ ನೋಡಿ ನೋಡಿ ಒಂದು ದಿನ ತಮ್ಮ ಖುರ್ಚಿ ತರಿಸಿದ್ರು.

'ಸಾಹೇಬರು ಬರಾಕ ಮೂರ ತಿಂಗಳು ಉಳದಾವು. ಕುಂಡ್ರೂ ರೂಢಿ ಮಾಡೂಣು' ಅಂದ್ರು.

ನನ್ನನ್ನ ಖುರ್ಚಿ ಮ್ಯಾಲ ಕುಂಡ್ರಿಸಿ, ನನ್ನ ಎರಡೂ ಮೊಣಕಾಲ ಮ್ಯಾಲ ಪೇಣಿ ಇಟ್ರು. ಮೂವತ್ತು ಹುಡುಗೂರ ಮುಂದ. ನಾ ಮೂವತ್ತೆರಡು ವರ್ಷದಾಂವ, ಅವಕ್ಕೆಲ್ಲಾ ಅಕ್ಷರ ಕಲಿಸಿದಾಂವ. ಹಲ್ಲು ಕಚ್ಚಿದೆ, ಬೆರಳು ಖುರ್ಚಿಗೆ ಒತ್ತಿ ಹಿಡದೆ, ಬೆವರು ಕೋಟಿನ ಮ್ಯಾಲ ಹನಿ ಹನಿ ಬಿತ್ತು. ಪೇಣಿ ಬಿತ್ತು. ಅವರು ಬಗ್ಗಿ ಆರಿಸಿ ಮತ್ತ ಇಟ್ರು. ಮತ್ತ ಬಿತ್ತು. ಒಂದು ಹುಡುಗಿ ಮುಂದಿನ ಸಾಲಿನಾಗ ಕುಂತಾಕಿ, 'ಬೀಳತೈತ್ರಿ ಸರ, ಗಟ್ಟಿ ಕುಂಡ್ರ್ರಿ' ಅಂತ ನನಗ ಪಿಸುಮಾತಿನಾಗ ಧೈರ್ಯ ಹೇಳಿದ್ಲು. ದಿನಾ ಮಧ್ಯಾಹ್ನ ಇದ. ಅಂದಿನಿಂದ ಆ ಮನಷ್ಯಾ ನನಗ ವೈರಿ. ಅವರ ಹೆಜ್ಜಿ ಸಪ್ಪಳ ಕೇಳಿದ್ರ ನನ್ನ ಬಾಯಿ ಕಹಿ ಆಗತಿತ್ತು.

ಶ್ರಾವಣದಾಗ ಘಟಪ್ರಭಾ ತುಂಬಿ ಹರದು ಹಾದಿ ಎಲ್ಲಾ ಬಂದ್ ಆತು. ಟಪಾಲಿನಾಂವ ಬರಲಿಲ್ಲ. ಗುಳಿಗಿ ತೀರಿ ಹೋದ್ವು. ಹೆಡ್ ಮಾಸ್ತರ್ರು ದಿನಾ ಮಳ್ಯಾಗ ಛತ್ರಿ ಹಿಡಕೊಂಡು ಊರ ಹೊರಗ ಹೋಗಿ ಟಪಾಲಿನ ಹಾದಿ ನೋಡತಿದ್ರು, ನನ್ನ ಸಲುವಾಗಿ. ಅದನ್ನ ಈಗ ನೆನಸಿಕೊಂಡ್ರೂ ನನಗ ಕನಿಕರ ಬರಂಗಿಲ್ಲ, ಕಾಲಿನಾಗ ಜುಮ್ ಅಂತೈತಿ.

ಒಂಬತ್ತನೇ ದಿನ ಮಧ್ಯಾಹ್ನ ಉಣ್ಣಾಕ ಕುಂತಿದ್ದೆ. ಅಕ್ಕಾರು ರೊಟ್ಟಿ ಬಡೂದ ಬಿಟ್ಟು ನನ್ನನ್ನ ನೋಡಾಕ ಹತ್ತಿದ್ರು.

'ಯಾಕ್ರಿ ಅಕ್ಕಾರ?'

'ಮಾಸ್ತರ, ಇದು ಮೂರನೇ ರೊಟ್ಟಿ. ನೀವು ಒಮ್ಮಿನೂ ಎದ್ದಿಲ್ಲ.'

ಕೆಳಗ ನೋಡಿಕೊಂಡೆ. ಕಾಲು ಚಕ್ಕಳಬಕ್ಕಳ ಹಾಕಿ ತಮ್ಮಷ್ಟಕ್ಕ ತಾವ ಬಿದ್ದಿದ್ವು, ಯಾರ ಕಾಲೋ ಅನ್ನೂ ಹಂಗ. ತಾಟಿನ ಮುಂದ ಕುಂತು ಗಳಗಳ ಅತ್ತೆ. ಅಕ್ಕಾರು ಸೆರಗಿಲೆ ಕಣ್ಣು ಒರಿಸಿಕೊಂಡು ನಾಕನೇ ರೊಟ್ಟಿ ಹಾಕಿದ್ರು.

ಹೆಡ್ ಮಾಸ್ತರ್ರಿಗೆ ಹೇಳಿದ್ರ ಏನಂದ್ರು ಗೊತ್ತೇನ್ರಿ? 'ಗುಣ ಆತು ನೋಡು. ಆರು ಗುಳಿಗಿಗೆ ಏರಿಸಿದ್ದು ಸಾರ್ಥಕ ಆತು' ಅಂದ್ರು. ನೀರು ಇಳದು ಟಪಾಲು ಬಂದ ದಿನಾನ ಮತ್ತ ಗಂಟಿ, ಮತ್ತ ಗುಳಿಗಿ, ಮತ್ತ 'ಆ ಅನ್ನು'. ನಾ ಈಗ ಶಾಣ್ಯಾ ಆಗಿದ್ದೆ. ನಾಲಿಗಿ ಕೆಳಗ ಒತ್ತಿ ಹಿಡದು, ಬಚ್ಚಲದಾಗ ಹೋಗಿ ನೀರೊಲಿ ಬೂದ್ಯಾಗ ಉಗಳಿ ಮುಚ್ಚತಿದ್ದೆ. ಒಂದು ದಿನ ಅಕ್ಕಾರು ಬೂದಿ ತಗಿಯಾಕ ಹೋಗಿ ಕಿತ್ತಳಿ ಬಣ್ಣದ ಗುಳಿಗಿ ನೋಡಿದ್ರು. ನಾ ಬಾಗಲದಾಗ ನಿಂತಿದ್ದೆ. ಅವರು ಒಂದು ಬೊಗಸಿ ಬೂದಿ ತಗೊಂಡು ಮ್ಯಾಲ ಹಾಕಿ ಮುಚ್ಚಿ, ಬ್ಯಾರೆ ಮೂಲ್ಯಾಗಿನ ಬೂದಿ ತುಂಬಿಕೊಂಡು ಹೋದ್ರು.

ದಸರಾ ಕಳದು ಸಾಹೇಬರು ಬಂದ್ರು. ನಾ ಅರ್ಧಾ ತಾಸು ಖುರ್ಚಿ ಮ್ಯಾಲ ಕುಂತು ಪಾಠ ಮಾಡಿದೆ. ಲಾಯಖ್ ಅದಾನ ಅಂತ ಬರದ್ರು. ಹೋಗೂ ಮುಂದ ಹೆಡ್ ಮಾಸ್ತರ್ರ ಬೆನ್ನು ಚಪ್ಪರಿಸಿ, 'ನಿಮ್ಮ ಕೈಗುಣ ದೊಡ್ಡದು' ಅಂದ್ರು. ಅವರು ಕಣ್ಣಾಗ ನೀರು ತಂದ್ರು. ನೀವೆಲ್ಲಾ ಹೇಳೂ ಕತಿ ಇಲ್ಲಿಗೆ ಮುಗೀತೈತಿ, ಹೌದಿಲ್ಲೋ? ಕೈಗುಣ ಎಲ್ಲಾ ಬಚ್ಚಲ ಬೂದ್ಯಾಗ ಬಿದ್ದಿತ್ತು.

ಮುಂದ ಒಂದೆರಡು ಸಲ ಆ ಹಾಜರಿ ದನಿ ಹೊಳ್ಳಿ ಬಂತು. ಹೆದರಿ, ಐತವಾರ ಯಾರಿಗೂ ಹೇಳಲಾರದ ಗೋಕಾಕಕ್ಕ ಹೋಗಿ ಒಬ್ಬ ಡಾಕ್ಟರ್ರನ್ನ ಕಂಡೆ. ಎಳೀ ವಯಸ್ಸಿನ ಹುಡುಗ. ನನ್ನ ಮಾತೆಲ್ಲಾ ಕೇಳಿ, 'ಕಾಲಿನ ಒಳಗ ಯಾರೋ ಎಬ್ಬಿಸಿದ್ಹಂಗ ಆಗತಿತ್ತೇನ್ರಿ?' ಅಂತ ಕೇಳಿದ. ನಾ ಆತನ ಕೈ ಹಿಡಕೊಂಡೆ. ಹುಟ್ಟಿದಾಗಿಂದ ನನ್ನನ್ನ ಯಾರೂ ಅಷ್ಟು ಬರೋಬ್ಬರಿ ಏನೂ ಕೇಳಿದ್ದಿಲ್ಲ. 'ಅದು ಹುಚ್ಚಲ್ರಿ ಮಾಸ್ತರ, ಗುಳಿಗಿ ಕಾಲಿಗೆ ಬಂದಿತ್ತು. ಭಾಳ ಮಂದಿಗೆ ಬರತೈತಿ. ಕಡಿಮಿ ಮಾಡಬೇಕಿತ್ತು, ಏರಿಸಿಬಿಟ್ಟಾರ' ಅಂದ. ಬ್ಯಾರೆ ಗುಳಿಗಿ ಸಣ್ಣ ಅಳತಿಲೆ ಕೊಟ್ಟ. ಇಂದಿಗೂ ಅದನ್ನ ತಗೋತೇನಿ. ಗುಳಿಗಿ ಮ್ಯಾಲ ನನಗ ಸಿಟ್ಟಿಲ್ಲ, ತಿಳೀತಿಲ್ಲೋ?

ಹಳ್ಳಿಗೆ ಬಂದು ಹೆಡ್ ಮಾಸ್ತರ್ರಿಗೆ ಇದನ್ನೆಲ್ಲಾ ಹೇಳಿದೆ. ಅವರು ಕಾಗದಕ್ಕ ಶಿಕ್ಕಾ ಹೊಡಿಯಾಕತ್ತಿದ್ರು. ತಲಿ ಎತ್ತಲಿಲ್ಲ. 'ಆ ಡಾಕ್ಟರ್ ಇನ್ನೂ ಹುಡುಗ ಅದಾನ ತಮ್ಮಾ' ಅಂದು ಮುಂದಿನ ಕಾಗದ ತಗೊಂಡ್ರು. 'ಹೌದೇನು? ಭಾಳ ತ್ರಾಸ ಆತೇನು?' ಅಂತ ಒಂದು ಮಾತು ಅಂದಿದ್ರ ನಾ ಅವರ ಕಾಲಿಗೆ ಬೀಳತಿದ್ದೆ, ಈ ಕಾಗದ ಹುಟ್ಟತಿದ್ದಿಲ್ಲ. ಆ ವರ್ಷದ ಕೊನಿಗೆ ಕೊಣ್ಣೂರಿಗೆ ವರ್ಗಾ ಮಾಡಿಸಿಕೊಂಡು ಹೋದೆ. ಅಕ್ಕಾರಿಗೆ ನಮಸ್ಕಾರ ಮಾಡಿದೆ, ಅವರಿಗೆ ಮಾಡಲಿಲ್ಲ.

ಇನ್ನ ಹುಕ್ಕೇರಿ ಮಾತು. ಇದು ನಿಮ್ಮ ಪುಸ್ತಕದಾಗ ಯಾರೂ ಬರಿಯಂಗಿಲ್ಲ, ಯಾಕಂದ್ರ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.

ರಿಟೈರ್ ಆದ ಮ್ಯಾಲ ಅವರು ಹುಕ್ಕೇರ್ಯಾಗ ಮಗನ ಮನ್ಯಾಗ ಇದ್ರು. ಹೋದ ವರ್ಷ ಜ್ವರಾ ಬಂದು ಬಿಟ್ಟ ಮ್ಯಾಲ ಬಿಕ್ಕಳಿಕಿ ಹತ್ತಿ ಆರು ದಿನ ನಿಲ್ಲಲಿಲ್ಲಂತ. ಅಲ್ಲಿಯ ಡಾಕ್ಟರ್ರು ಏನೋ ಗುಳಿಗಿ ಕೊಟ್ರು, ಬಿಕ್ಕು ನಿಂತ್ವು. ವಾರ ಒಪ್ಪತ್ತು ಕಳದು ಮಗ ನನಗೊಂದು ಕಾರ್ಡು ಬರದ. 'ಅಪ್ಪಾರಿಗೆ ನಿಮಗ ಬಂದಿದ್ದ ಜಡ್ಡ ಬಂದೈತ್ರಿ. ಒಂದು ಕಡೆ ಕುಂಡ್ರವಲ್ರು. ನಿಮಗ ಹೆಂಗ ಗುಣ ಆತು, ಬಂದು ಹೇಳ್ರಿ.' ಸೋಮವಾರ ಮುಂಜಾನಿ ಮೋಟರು ಹಿಡದು ಹೋದೆ.

ಅಂಗಳಕ್ಕ ಕಾಲಿಟ್ಟಾಗ ಅವರು ತುಳಸಿಕಟ್ಟಿಯಿಂದ ಬಾಗಲಿಗೆ, ಬಾಗಲದಿಂದ ತುಳಸಿಕಟ್ಟಿಗೆ ಅಡ್ಡಾಡಾಕತ್ತಿದ್ರು. ಧೋತರದ ಚುಂಗು ಕೆಳಗ ಎಳದಾಡತಿತ್ತು. ತುಳಸಿಕಟ್ಟಿ ಮುಂದಿನ ಸಗಣಿ ಸಾರಣಿ ಸವದು ದಾರಿ ಬಿದ್ದಿತ್ತು. ಆ ದಾರಿ ನೋಡಿದ ಕೂಡಲೆ ನನಗ ತಿಳೀತು. ಒಳಗ ಹೋಗಿ ಗೂಡಿನಾಗಿನ ಶೀಸೆ ನೋಡಿದೆ. ಕಿತ್ತಳಿ ಬಣ್ಣ. ಬಿಕ್ಕು ನಿಂತ ಮ್ಯಾಲ ಗುಳಿಗಿ ನಿಲ್ಲಸ್ರಿ ಅಂತ ಯಾರೂ ಹೇಳಿದ್ದಿಲ್ಲ. ಚಡಪಡಿಸಾಕತ್ತಾರಂತ ಮಗ ಎರಡರ ಬದಲಿ ನಾಕು ಕೊಡಾಕತ್ತಿದ್ದ.

ಒಂದ ಮಾತು ಹೇಳೂದಿತ್ತು: ಶೀಸೆ ಕಿತ್ತು ಒಗೀರಿ. ಬಾಯಿ ತುದಿಗೆ ಬಂದಿತ್ತು.

ಹೇಳಲಿಲ್ಲ. 'ಎರಡು ದಿನ ಇದ್ದು ನೋಡತೇನಿ' ಅಂದೆ. ಅಡಿಗಿಮನಿ ಬಾಗಲಿಗೆ ಅಕ್ಕಾರು ಕುಂಡ್ರಾಕ ಕಟಗಿ ಮಣಿ ಹಾಕಿ ಕೊಟ್ರು. ಕುಂತೆ.

ಮೊದಲನೇ ದಿನ ಅವರು ಊಟಕ್ಕ ಕುಂತು ಒಂದು ತುತ್ತಿಗೆ ಎದ್ರು. ಎರಡನೇ ದಿನ ಪೂಜಿಗೆ ಕುಂತ್ರು. ಒಂದು ತಾಸು ಅಲಗಲಾರದ ಮನಷ್ಯಾ, ಗಂಟಿ ಕೈಯಾಗ ಹಿಡಕೊಂಡ ಎದ್ದು ನಿಂತ್ರು, ಮತ್ತ ಕುಂತ್ರು, ಮತ್ತ ಎದ್ರು. ಮಗ ಗಲ್ಲಕ್ಕ ಕೈ ಹಚ್ಚಿ, 'ಅಪ್ಪಾ, ನಿಂಗ ಏನಾಗೇತಿ?' ಅಂದ. 'ನನಗ ಹುಚ್ಚ ಹಿಡದಿಲ್ಲೋ' ಅಂದ್ರು. ಮೊಮ್ಮಗಳ ಪಾಟಿ ಚೀಲದಾಗಿಂದ ಪೇಣಿ ತಗೊಂಡ್ರು. ಹೊರಸಿನ ಮ್ಯಾಲ ಕುಂತು ತಾವ ತಮ್ಮ ಮೊಣಕಾಲ ಮ್ಯಾಲ ಇಟ್ಟುಕೊಂಡ್ರು. 'ನೋಡು, ಕುಂಡ್ರಾಕ ಬರತೈತಿ ನನಗ' ಅಂದ್ರು. ಪೇಣಿ ಬಿತ್ತು. ಬಗ್ಗಿ ಆರಿಸಿ ಮತ್ತ ಇಟ್ರು. ಬಿತ್ತು. ಮತ್ತ ಬಗ್ಗಿದ್ರು. ಮಗ ಹೊರಗ ಹೋಗಿ ಅತ್ತ. ಅವರು ತಲಿ ಎತ್ತಿ ನನ್ನನ್ನ ನೋಡಿದ್ರು, ನಾ ಅವರನ್ನ ನೋಡಿದೆ.

ಮೂರನೇ ದಿನಾನೂ ಹೇಳಲಿಲ್ಲ.

ಗುರುವಾರ ಮುಂಜಾನೆ ಮಗ ಜೀಪು ತರಿಸಿದ್ದ, ಹುಚ್ಚರ ದವಾಖಾನಿಗೆ ಒಯ್ಯಾಕ. ಅಕ್ಕಾರು ನನ್ನ ಮುಂದ ರೊಟ್ಟಿ ತಾಟು ಇಟ್ಟು, ಅಲ್ಲೇ ಕುಸದು ಕುಂತು, 'ಮಾಸ್ತರ, ನಿಮಗ ಏನರ ಗೊತ್ತಿದ್ರ ಹೇಳ್ರಿ. ಅಂದು ಬೂದಿ ಮುಚ್ಚಿದಾಕಿ ನಾನ' ಅಂದ್ರು. ಅಷ್ಟ ಅಂದ್ರು. ಅವರ ರೊಟ್ಟಿ ಋಣ ನನ್ನ ಮ್ಯಾಲಿತ್ತು. 'ಗುಳಿಗಿ ನಿಲ್ಲಸ್ರಿ ಅಕ್ಕಾರ. ಆ ಗುಳಿಗಿಂದನ ಹಿಂಗ' ಅಂದೆ. ಡಾಕ್ಟರ್ರನ್ನ ಕರಿಸಿ ಕೇಳಿದ್ರು, ಅವರೂ ಹೌದು ನಿಲ್ಲಸ್ರಿ ಅಂದ್ರು. ಜೀಪು ತಿರುಗಿ ಹೋತು. ನಾನೂ ಮಧ್ಯಾಹ್ನದ ಮೋಟರಿಗೆ ಬಂದೆ.

ಇಪ್ಪತ್ತು ದಿನಕ್ಕ ಒಂದು ಕಾರ್ಡು ಬಂತು. ಅದ ಮುತ್ತಿನ ಅಕ್ಷರ, ಸಾಲು ಒಂದೂ ಸೊಟ್ಟಿಲ್ಲ.

'ಈಗ ಕುಂಡ್ರತೇನಿ. ಪೂಜಿ ಆಗತೈತಿ. ನಿನ್ನ ಒಂದು ಮಾತು ಕೇಳೂದೈತಿ. ನೀ ಬಂದದ್ದು ಸೋಮವಾರ. ಅಂಗಳದಾಗ ನನ್ನ ನೋಡಿದ ಕೂಡಲೆ ನಿನಗ ತಿಳೀತು, ನಿನ್ನ ಮಾರಿ ಮ್ಯಾಲ ನಾ ಕಂಡೆ. ಹೇಳಿದ್ದು ಗುರುವಾರ. ನಡುವಿನ ದಿನ ಯಾಕ ಸುಮ್ಮನಿದ್ದಿ?'

ಕಾರ್ಡು ತಿರುವಿ ಹಿಂದ ನೋಡಿದೆ. ತಪ್ಪಾತು ಅನ್ನೂ ಮಾತು ಅಲ್ಯರ ಇರಬಹುದು ಅಂತ. ವಿಳಾಸ ಇತ್ತು, ಶಿಕ್ಕಾ ಇತ್ತು. ಸಿಟ್ಟು ಬಂದು ಕಾರ್ಡು ಟ್ರಂಕಿನ ತಳದಾಗ ಒಗದೆ. ಒಂದು ವರ್ಷ ಉತ್ತರ ಬರೀಲಿಲ್ಲ. ಈಗ ಅವರ ಇಲ್ಲ.

ಅದಕ್ಕ ನಿಮ್ಮ ಪುಸ್ತಕದಾಗ ಬರಿಯಾಕತ್ತೇನಿ. ಸಭಾದಾಗ ಇದನ್ನ ಗಟ್ಟ್ಯಾಗಿ ಓದ್ರಿ.

ಸರ, ನೀವು ನನ್ನನ್ನ ಏಳು ತಿಂಗಳು ಹಂಗ ಇಟ್ರಿ. ನಿಮಗ ಗೊತ್ತಿದ್ದಿಲ್ಲ. ನಾ ನಿಮ್ಮನ್ನ ಮೂರು ದಿನ ಇಟ್ಟೆ. ನನಗ ಗೊತ್ತಿತ್ತು. ನಿಮ್ಮ ಮೊಣಕಾಲ ಮ್ಯಾಲಿನ ಪೇಣಿ ಬೀಳೂದನ್ನ ನೋಡಕೋಂತ ಅಡಿಗಿಮನಿ ಬಾಗಲದಾಗ ಮಣಿ ಮ್ಯಾಲ ಕುಂತಿದ್ದೆ. ನೀವು ಕಲಿಸಿದ್ಹಂಗ ಕುಂತಿದ್ದೆ, ಸರ. ನನ್ನ ಮೊಣಕಾಲ ಮ್ಯಾಲ ಆಗ ಪೇಣಿ ಇಟ್ಟಿದ್ರ, ಮೂರು ದಿನಾನೂ ಬೀಳತಿದ್ದಿಲ್ಲ.